ಯಾರೂ ನೋಡದ ಟಿ.ವಿ.

‘ಶಕ್ತಿಮಾನ್’ ನಿಮಗೆ ನೆನಪಿರಬಹುದು. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ ಆ ಹಿಂದಿ ಧಾರಾವಾಹಿಯನ್ನು ಭಾಷೆ ಪೂರ್ತಿ ತಿಳಿಯದಿದ್ದರೂ ನಮ್ಮ ಮಕ್ಕಳು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ನಾಯಕ ಬಂದು ಕಾಪಾಡುವನೆಂದು ನಂಬಿ ಮಕ್ಕಳು ಎತ್ತರದಿಂದ ಜಿಗಿದರು, ಬೆಂಕಿ ಹಚ್ಚಿಕೊಂಡರು ಎಂಬ ವರದಿಗಳು ಬಂದಾಗ ಪೋಷಕರು ಬೆಚ್ಚಿಬಿದ್ದರು. ಅವುಗಳಲ್ಲಿ ನಿಜವೆಷ್ಟು ಎಂಬ ವಾದವೂ ನಡೆಯಿತು. ಕೊನೆಗೆ ನಟ ಮುಕೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು, ಈ ಸಾಹಸಗಳನ್ನು ಅನುಕರಿಸಬೇಡಿರೆಂದು ಮಕ್ಕಳಿಗೆ ಹೇಳಬೇಕಾಯಿತು.

ಟಿ.ವಿ.ಯ ಕೆಡುಕೆಂದರೆ ಇಂದಿಗೂ ನಮ್ಮ ಕಣ್ಮುಂದೆ ಬರುವುದು ಇಂಥದ್ದೇ. ಈ ಆತಂಕ ಸುಳ್ಳಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು, ದೊಡ್ಡವರು ಗಾಳಿ ತುಂಬಿದ ಬೊಂಬೆಯೊಂದನ್ನು ಬಡಿಯುವುದನ್ನು ಮಕ್ಕಳಿಗೆ ತೋರಿಸಿದರು. ಕೆಲವರಿಗೆ ಎದುರಿನಲ್ಲೇ, ಕೆಲವರಿಗೆ ಚಲನಚಿತ್ರದಲ್ಲಿ. ಬೊಂಬೆ ಕೈಗೆ ಸಿಕ್ಕಾಗ ಎರಡೂ ಗುಂಪುಗಳ ಅನೇಕ ಮಕ್ಕಳು ಹಾಗೆಯೇ ಬಡಿದರು.

ಆದರೆ ಹೊಡೆದಾಟದ ದೃಶ್ಯಗಳನ್ನಷ್ಟೇ ದೂರುತ್ತ ಕುಳಿತ ನಾವು ಇನ್ನೊಂದು ಹಾನಿಯನ್ನು ಕಾಣದೇ ಹೋದೆವು. ಸಂಜೆ ಏಳಾದರೆ ನಮ್ಮ ಮನೆಗಳಲ್ಲಿ ಟಿ.ವಿ. ಆರಂಭವಾಗುತ್ತದೆ. ಅಜ್ಜಿಗೊಂದು ಧಾರಾವಾಹಿ, ಅಮ್ಮನಿಗೆ ಮತ್ತೊಂದು, ಅಪ್ಪನಿಗೆ ವಾರ್ತೆ. ಯಾರೂ ನೋಡದಿದ್ದರೂ ಅದು ಹತ್ತು ಗಂಟೆಯವರೆಗೆ ತನ್ನ ಪಾಡಿಗೆ ಕೂಗುತ್ತಿರುತ್ತದೆ. ಮಗು ನೆಲದ ಮೇಲೆ ಆಡಿಕೊಂಡಿರುತ್ತದೆ. ‘ಅದೇನೂ ನೋಡುತ್ತಿಲ್ಲವಲ್ಲ’ ಎಂಬುದು ನಮ್ಮ ಸಮಾಧಾನ!

ಈ ಸಮಾಧಾನವನ್ನು ಕದಡುವ ಅಧ್ಯಯನವೊಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮಕ್ಕಳ ತಜ್ಞ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಸಂಗಡಿಗರು ನಾಲ್ಕು ವರ್ಷದೊಳಗಿನ 329 ಮಕ್ಕಳಿಗೆ ಪುಟ್ಟ ಧ್ವನಿಮುದ್ರಣ ಯಂತ್ರವನ್ನು ತೊಡಿಸಿ, ಅವರ ಕಿವಿಗೆ ಬೀಳುವ ಮಾತುಗಳನ್ನು ಎಣಿಸಿದರು. ಟಿ.ವಿ.ಯ ಸದ್ದು ಕೇಳಿಸುತ್ತಿದ್ದ ಪ್ರತಿ ಗಂಟೆಗೆ, ದೊಡ್ಡವರಿಂದ ಮಗು ಕೇಳುವ ಮಾತು ಸರಾಸರಿ 770 ಪದಗಳಷ್ಟು ಕಡಿಮೆಯಿತ್ತು. ಮಗುವಿನ ತೊದಲು ನುಡಿಯೂ ಕಡಿಮೆಯಾಗಿತ್ತು. ನಮ್ಮ ಸಂಜೆಯ ಮೂರು ಗಂಟೆಗೆ ನೀವೇ ಲೆಕ್ಕ ಹಾಕಿ.

ಟಿ.ವಿ.ಯೂ ಮಾತನಾಡುತ್ತದಲ್ಲ ಎನ್ನಬಹುದು. ಮಾತನಾಡುತ್ತದೆ, ಆದರೆ ಮಗುವಿನ ಮುಖ ನೋಡಿ ಅಲ್ಲ. ಮಗು ‘ತಾತಾ’ ಎಂದರೆ ಅದು ಓಗೊಡದು, ತಪ್ಪು ನುಡಿದರೆ ತಿದ್ದಿ ನಗದು. ಎರಡು ವರ್ಷದೊಳಗಿನ ಮಕ್ಕಳಿಗೆ ತೆರೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತದ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಸಲಹೆ ನೀಡಿತು. ಅದರಲ್ಲೊಂದು ವಿನಾಯಿತಿಯಿದೆ: ಅಪರೂಪಕ್ಕೊಮ್ಮೆ ಬಂಧುಗಳೊಡನೆ ವೀಡಿಯೊ ಕರೆ. ಗಲ್ಫಿನಲ್ಲಿರುವ ತಂದೆ ತೆರೆಯ ಮೇಲೆ ಕಂಡರೂ ಮಗುವಿಗೆ ಉತ್ತರ ಕೊಡುತ್ತಾನೆ.

‘ನಮ್ಮ ಮಗುವಿಗೆ ಟಿ.ವಿ. ಹುಚ್ಚು, ಈಗ ಮೊಬೈಲ್ ಹುಚ್ಚು’ ಎಂದು ದೂರುವ ತಂದೆತಾಯಿಯರನ್ನು ಕಂಡಾಗಲೆಲ್ಲ, ರಿಮೋಟ್ ಯಾರ ಕೈಯಲ್ಲಿದೆ ಎಂದು ನಾನು ನೋಡುತ್ತೇನೆ. ಮೊನ್ನೆ ಪರಿಚಿತರ ಮನೆಗೆ ಹೋಗಿದ್ದೆ. ಶಾಲೆಯಲ್ಲಿ ನಡೆದ ಏನನ್ನೋ ಹೇಳಲು ಹುಡುಗಿ ತಾಯಿಯ ಸೆರಗು ಎಳೆಯುತ್ತಿದ್ದಳು. ‘ಸ್ವಲ್ಪ ತಡಿ ಮಗಾ, ಜಾಹೀರಾತು ಬರಲಿ’ ಎಂದರು ತಾಯಿ. ಹುಡುಗಿ ಕಾದಳು. ಜಾಹೀರಾತು ಬಂತು; ತಾಯಿ ತಿರುಗಿ ‘ಏನು, ಹೇಳು’ ಎಂದಾಗ ಅವಳ ಕಣ್ಣು ಜಾಹೀರಾತಿನ ಮೇಲಿತ್ತು.