ಹೇಳಿದವರ ಹೆಸರು

ನೀಲಗಿರಿಯಲ್ಲಿ ನೆಲೆಸಿದ ನಮಗೆ ಕೋತಗಿರಿ ಎಂಬುದು ದಿನನಿತ್ಯದ ಮಾತು. ಬಸ್ಸಿನ ಫಲಕದಲ್ಲಿಯೂ ಮದುವೆಯ ಕರೆಯೋಲೆಯಲ್ಲಿಯೂ ಆ ಹೆಸರನ್ನು ಓದುತ್ತಲೇ ಇರುತ್ತೇವೆ. ಅದರೊಳಗೆ ಒಂದು ಜನಾಂಗದ ಹೆಸರಿದೆ ಎಂಬುದು ಮಾತ್ರ ಅಪರೂಪಕ್ಕೆ ನೆನಪಾಗುತ್ತದೆ. ಕೋತರು ಈ ಬೆಟ್ಟಸೀಮೆಯ ಏಳು ಊರುಗಳಲ್ಲಿ ಬಾಳುತ್ತ ಬಂದ ಚಿಕ್ಕ ಸಮುದಾಯ. ನೆರೆಯ ಬಡಗರಿಗೂ ತೋಡರಿಗೂ ಕಬ್ಬಿಣದ ಸಾಮಾನು, ಮಣ್ಣಿನ ಗಡಿಗೆ ಒದಗಿಸಿದವರು ಇವರು. ಅವರ ಸಾವಿನ ಮನೆಗಳಲ್ಲಿ ವಾದ್ಯ ನುಡಿಸಿದವರೂ ಇವರೇ. ಇವರ ಭಾಷೆ ಕನ್ನಡದ ಸೋದರಭಾಷೆ. ಆ ಭಾಷೆಯಲ್ಲಿ ಹೇಳಿ ಬರೆಯಿಸಿದ ದೊಡ್ಡದೊಂದು ಕಥನಸಂಗ್ರಹವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1944ರಿಂದ 1946ರ ಅವಧಿಯಲ್ಲಿ ನಾಲ್ಕು ಭಾಗಗಳಾಗಿ ಪ್ರಕಟಿಸಿದ ‘ಕೋತ ಟೆಕ್ಸ್ಟ್ಸ್’ ಅದು. ಭಾಷಾವಿಜ್ಞಾನಿಗಳು ಇದನ್ನು ವ್ಯಾಕರಣದ ಆಕರವೆಂದು ಓದಿದ್ದಾರೆ. ಇದನ್ನು ಒಬ್ಬ ಕಥೆಗಾರರ ಕೃತಿಯೆಂದು ಓದಬೇಕೆಂಬುದು ನನ್ನ ವಾದ. ಹಾಗೆ ಓದಿದಾಗ ಶಾಲೆಯ ವಿದ್ಯೆಗೂ ಪರಂಪರೆಯ ಅರಿವಿಗೂ ಇರುವ ಸಂಬಂಧವನ್ನು ಕುರಿತು ನಾವು ಇಟ್ಟುಕೊಂಡಿರುವ ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಗ್ರಂಥದ ಮುಖಪುಟದಲ್ಲಿರುವ ಹೆಸರು ಎಮ್. ಬಿ. ಎಮೆನೊ ಅವರದು. 1904ರಲ್ಲಿ ಕೆನಡಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ, ನೂರು ವರ್ಷ ದಾಟಿ ಬಾಳಿದ ಈ ವಿದ್ವಾಂಸರು ದ್ರಾವಿಡ ಭಾಷಾಧ್ಯಯನದ ಹಿರಿಯ ಹೆಸರುಗಳಲ್ಲಿ ಒಬ್ಬರು. 1930ರ ದಶಕದಲ್ಲಿ ಅವರು ನೀಲಗಿರಿಗೆ ಬಂದು ತೋಡ, ಕೋತ ಭಾಷೆಗಳನ್ನು ಕಿವಿಯಿಂದ ಕೇಳಿ ಬರೆದುಕೊಂಡರು. ಆದರೆ ಈ ಸಂಪುಟಗಳ ಕಥೆಗಳನ್ನು ಹೇಳಿದವರು ಬೇರೆ. ಅವರು ಕೆ. ಸುಲ್ಲಿ ಎಂಬ ಕೋತ ಹಿರಿಯರು. ಕೋತರಲ್ಲಿ ಇಂಗ್ಲಿಷ್ ವಿದ್ಯೆ ಕಲಿತ ಮೊದಲಿಗರ ಸಾಲಿನವರು. ವೃತ್ತಿಯಿಂದ ಶಾಲಾ ಮೇಷ್ಟ್ರು. ದೇವರುಗಳ ಕಥೆ, ಊರು ಹುಟ್ಟಿದ ಕಥೆ, ಕುರುಂಬರ ಮಾಟದ ಭಯ, ನೆರೆಹೊರೆಯವರೊಡನೆ ನಡೆದ ಜಗಳ ರಾಜಿಗಳು, ಆಚಾರಗಳ ವಿವರಣೆ, ಎಲ್ಲವೂ ಅವರೊಬ್ಬರ ಬಾಯಿಂದ ಬಂದವು. ಎಮೆನೊ ಇದನ್ನು ಮುಚ್ಚಿಡಲಿಲ್ಲ. ಸುಲ್ಲಿಯವರ ಹೆಸರನ್ನೂ ಅವರ ಕಥನಶಕ್ತಿಯನ್ನೂ ಗೌರವದಿಂದಲೇ ಹೇಳಿದ್ದಾರೆ. ಹಾಗಿದ್ದರೂ ಗ್ರಂಥಾಲಯದ ಸೂಚಿಯಲ್ಲಿ ಈ ಕೃತಿಗೆ ಒಬ್ಬನೇ ಕರ್ತೃ. ನಮ್ಮ ಜಾನಪದ ಸಂಗ್ರಹಗಳಲ್ಲಿಯೂ ಹಾಡಿದವರು ಕೊನೆಯ ಪುಟದ ‘ವಕ್ತೃಗಳ ಪಟ್ಟಿ’ಯಲ್ಲಿ ಸೇರಿಹೋಗುತ್ತಾರೆ. ಆದ್ದರಿಂದ ಈ ಮಾತನ್ನು ದೂರದೇಶದ ವಿದ್ವಾಂಸರ ಮೇಲಿನ ದೂರೆಂದು ಯಾರೂ ತಿಳಿಯಬಾರದು.

ಸುಲ್ಲಿಯವರು ಎಂಥವರಾಗಿದ್ದರು ಎಂಬುದನ್ನು ತಿಳಿಯಲು ನಮಗಿರುವ ಇನ್ನೊಂದು ಆಧಾರ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡಲ್‌ಬಾಮ್ ಅವರದು. ಅದೇ ದಶಕದಲ್ಲಿ ಕೋತರ ನಡುವೆ ಕೆಲಸ ಮಾಡಿದ ಅವರು 1960ರಲ್ಲಿ ಸುಲ್ಲಿಯವರ ವ್ಯಕ್ತಿಚಿತ್ರವೊಂದನ್ನು ಪ್ರಕಟಿಸಿದರು. ಅದರ ಶೀರ್ಷಿಕೆಯೇ ಅವರನ್ನು ತಮ್ಮ ಜನರ ಸುಧಾರಕರೆಂದು ಕರೆಯುತ್ತದೆ. ಕೋತ ಗಂಡಸರು ಉದ್ದ ಕೂದಲು ಬಿಡುವುದು ರೂಢಿಯಾಗಿದ್ದಾಗ ಸುಲ್ಲಿಯವರು ಕ್ರಾಪು ಕತ್ತರಿಸಿಕೊಂಡರು. ಅದಕ್ಕಾಗಿ ತಮ್ಮವರ ಸಿಟ್ಟನ್ನು ಎದುರಿಸಿದರು. ನೆರೆಯವರು ಕೋತರನ್ನು ಕೀಳೆಂದು ಎಣಿಸಲು ನೆಪವಾಗಿದ್ದ ಪದ್ಧತಿಗಳನ್ನು ಬಿಡಬೇಕೆಂದು ವಾದಿಸಿದರು.

ಇಲ್ಲಿಯೇ ಈ ಕೃತಿಯ ವಿಶೇಷವಿದೆ. ಬಿಡಬೇಕೆಂದು ವಾದಿಸಿದವರೇ ಹಳೆಯ ಬಾಳಿನ ಅತ್ಯಂತ ವಿವರವಾದ ಕಥನಕಾರರೂ ಆದರು. ಕೋತರಲ್ಲಿ ಸತ್ತವರಿಗೆ ಎರಡು ಸಂಸ್ಕಾರಗಳಿವೆ. ಸತ್ತ ಕೂಡಲೇ ನಡೆಯುವುದು ‘ಪಚ್‌ದಾವ್’, ಎಂದರೆ ಹಸಿ ಸಾವು. ಕಾಲಾಂತರದಲ್ಲಿ ಊರೆಲ್ಲ ಸೇರಿ ನಡೆಸುವುದು ‘ವರಲ್‌ದಾವ್’, ಎಂದರೆ ಒಣ ಸಾವು. ಈ ‘ದಾವ್’ ನಮ್ಮ ‘ಸಾವು’ ಶಬ್ದದ ನೆಂಟನೇ. ಇಂಥ ಆಚಾರಗಳಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವ ಮಾತು ಯಾರದು ಎಂಬ ತಿಳಿವಳಿಕೆ ಒಂದು ಶಾಸ್ತ್ರದಷ್ಟೇ ವಿಸ್ತಾರವಾದದ್ದು. ಅದನ್ನು ಬಲ್ಲವರಷ್ಟೇ ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬಲ್ಲರು. ಸುಲ್ಲಿಯವರ ಸುಧಾರಣೆಗೆ ಬೆಲೆ ಬಂದದ್ದು ಅದು ಒಳಗಿನವರ ವಿಮರ್ಶೆಯಾಗಿದ್ದರಿಂದ.

ಶಾಲೆ ಮತ್ತು ಆದಿವಾಸಿ ಬದುಕನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಸಾಮಾನ್ಯ. ಶಾಲೆಯು ಅಜ್ಞಾನವನ್ನು ಕಳೆಯುತ್ತದೆ ಎಂಬುದು ಒಂದು. ಶಾಲೆಯು ಪರಂಪರೆಯನ್ನು ಕೆಡಿಸುತ್ತದೆ ಎಂಬುದು ಇನ್ನೊಂದು. ಸುಲ್ಲಿಯವರ ಬಾಳು ಎರಡಕ್ಕೂ ಒಗ್ಗುವುದಿಲ್ಲ. ಶಾಲೆಗೆ ಹೋಗುವ ಮೊದಲೇ ಅವರಲ್ಲಿ ಮನೆಯ ಹಜಾರದ, ಒಲೆಯ ಬದಿಯ, ಸಾವಿನ ಬಯಲಿನ ವಿದ್ಯೆಯಿತ್ತು. ಅದನ್ನು ಅಜ್ಞಾನ ಎನ್ನುವಂತಿಲ್ಲ. ಶಾಲೆಗೆ ಹೋದ ಮೇಲೆ ಆ ವಿದ್ಯೆ ಅಳಿಯಲಿಲ್ಲ. ಹೊರಗಿನವರಿಗೆ ಅದನ್ನು ಬಿಡಿಸಿ ಹೇಳುವ ಸಾಮರ್ಥ್ಯ ಅವರಿಗೆ ಬಂತು. ಇಂಗ್ಲಿಷ್ ಬರದಿದ್ದರೆ ಆ ಕಥನಗಳು ಎಮೆನೊ ಅವರ ಹಾಳೆಗೆ ಇಳಿಯುತ್ತಿರಲಿಲ್ಲ. ಆದರೆ ಇದೇ ಮಾತಿಗೆ ಇನ್ನೊಂದು ಮುಖವಿದೆ. ಮೇಷ್ಟರಾಗಿದ್ದ ಸುಲ್ಲಿಯವರ ಅತ್ಯುತ್ತಮ ಪಾಠಗಳು ತಮ್ಮ ತರಗತಿಯಲ್ಲಿ ನಡೆಯಲಿಲ್ಲ. ಕೋತ ಭಾಷೆಗೆ ಲಿಪಿಯಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ. ತರಗತಿಯಲ್ಲಿ ಅದಕ್ಕೆ ಎಡೆಯೂ ಇರಲಿಲ್ಲ. ಕೇಳಲು ಕುಳಿತ ಶಿಷ್ಯ ಸಮುದ್ರದಾಚೆಯಿಂದ ಬಂದ ಒಬ್ಬ ವಿದ್ವಾಂಸ. ಕಥೆಗಳು ಧ್ವನಿಲಿಪಿಯಲ್ಲಿ, ಇಂಗ್ಲಿಷ್ ಅನುವಾದದೊಡನೆ ದೂರದ ಗ್ರಂಥಾಲಯಗಳನ್ನು ಸೇರಿದವು. ಆ ಊರಿನ ಮಗು ತನ್ನ ತಾತನ ಕಥೆಯನ್ನು ಓದಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕಾಯಿತು.

ಕೃತಿಯ ಮಿತಿಗಳನ್ನೂ ಹೇಳಬೇಕು. ಸುಲ್ಲಿಯವರು ಕಥೆಗೆ ಕಳೆ ಕಟ್ಟುವವರು. ತಾವು ಪಾಲುಗೊಂಡ ಪ್ರಸಂಗಗಳಲ್ಲಿ ತಮ್ಮ ಪಾತ್ರವನ್ನು ತುಸು ಹಿಗ್ಗಿಸಿ ಹೇಳುವ ಒಲವು ಅವರಿಗಿತ್ತೆಂದು ಮ್ಯಾಂಡಲ್‌ಬಾಮ್ ಗುರುತಿಸಿದ್ದಾರೆ. ದಾಖಲೆಯನ್ನು ಹುಡುಕುವವರಿಗೆ ಇದು ದೋಷ; ಸಾಹಿತ್ಯವನ್ನು ಹುಡುಕುವವರಿಗೆ ಇದು ಕರ್ತೃತ್ವದ ಗುರುತು. ಒಂದು ಸಮುದಾಯದ ‘ಮಾದರಿ’ಯೆಂದು ಅಚ್ಚಾದ ಪುಟಗಳಲ್ಲಿ ಒಬ್ಬ ಮನುಷ್ಯನ ದನಿ, ಹಟ, ಸಣ್ಣ ಹೆಮ್ಮೆ ಕೇಳಿಸುತ್ತದೆ ಎಂಬುದೇ ಇವು ಬರಿಯ ಮಾದರಿಗಳಲ್ಲ ಎಂಬುದಕ್ಕೆ ಸಾಕ್ಷಿ. ಎರಡನೆಯ ಮಿತಿ ಇನ್ನೂ ದೊಡ್ಡದು. ಇದು ಒಬ್ಬರ ಬಾಯಿಂದ, ಅದೂ ಗಂಡಸರೊಬ್ಬರ ಬಾಯಿಂದ ಬಂದದ್ದು. ಕೋತರಲ್ಲಿ ಗಡಿಗೆ ಮಾಡುವವರು ಹೆಂಗಸರು. ಮಣ್ಣಿನ ಹದ, ಗಡಿಗೆಯ ಆಕಾರ, ಸುಡುವ ಬೆಂಕಿಯ ಅಂದಾಜು ಅವರ ಕೈಯಲ್ಲಿದ್ದ ವಿದ್ಯೆ. ದುಃಖವನ್ನು ಹಾಡಾಗಿಸುವ ಕಲೆಯೂ ಅವರಲ್ಲಿ ಉಂಟು. ಈ ವಿದ್ಯೆಗಳಿಗೆ ಸುಲ್ಲಿಯವರ ಕಥನದಲ್ಲಿ ಅವುಗಳದೇ ದನಿ ಸಿಕ್ಕಿಲ್ಲ. ಬಹುಕಾಲದ ಮೇಲೆ, 2005ರಲ್ಲಿ, ರಿಚರ್ಡ್ ವುಲ್ಫ್ ಅವರು ಕೋತರ ಸಂಗೀತ, ಕಾಲ ಮತ್ತು ಸ್ಥಳಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ಶೋಕಗೀತಗಳಿಗೆ ಜಾಗ ದೊರೆಯಿತು. ಆ ಗ್ರಂಥದ ಹೆಸರು ಕೋತರ ಮೂಲಕಥೆಯೊಂದರಿಂದ ಬಂದದ್ದು: ಕರಿಯ ಹಸುವೊಂದು ಮುಂದೆ ನಡೆದು, ಅದು ಹೆಜ್ಜೆಯೂರಿ ನಿಂತಲ್ಲಿ ಊರು ಕಟ್ಟಿದರೆಂಬ ಕಥೆ ಅದು.

ಶಾಲೆಯಿಲ್ಲದೆ ವಿದ್ಯೆ ಹೇಗೆ ದಾಟಿಬರುತ್ತದೆ ಎಂದು ಕೇಳುವವರಿಗೆ ಎಮೆನೊ ಅವರ ಇನ್ನೊಂದು ಗ್ರಂಥ, 1971ರ ‘ತೋಡ ಸಾಂಗ್ಸ್’, ಉತ್ತರ ಕೊಡುತ್ತದೆ. ತೋಡರ ಹಾಡು ಜೋಡಿ ನುಡಿಗಟ್ಟುಗಳ ಮೇಲೆ ನಿಂತಿದೆ. ಒಂದು ನುಡಿಗಟ್ಟು ಬಂದರೆ ಅದರ ಜೊತೆಯ ಇನ್ನೊಂದು ಬರಲೇಬೇಕು. ಎಮ್ಮೆಗೆ, ಮಂದಿಗೆ, ಬೆಟ್ಟಕ್ಕೆ, ಮದುವೆಗೆ, ಸಾವಿಗೆ ಹೀಗೆ ಗೊತ್ತಾದ ಜೋಡಿಗಳಿವೆ. ಹಾಡುವವರು ಇವನ್ನು ಉರುಹೊಡೆದು ಒಪ್ಪಿಸುವುದಿಲ್ಲ. ನಿನ್ನೆ ನಡೆದ ಸಂಗತಿಗೂ ಈ ಜೋಡಿಗಳಿಂದ ಹೊಸ ಹಾಡು ಕಟ್ಟುತ್ತಾರೆ. ಈ ಕಲೆ ಕೆಲವರೇ ಕವಿಗಳ ಸೊತ್ತಲ್ಲ, ಆ ಸಮುದಾಯದಲ್ಲಿ ಎಲ್ಲರಿಗೂ ಸಾಧ್ಯವಾದದ್ದು ಎಂಬುದನ್ನು ಎಮೆನೊ ಬೆರಗಿನಿಂದ ಗಮನಿಸಿದರು. ಛಂದಸ್ಸು, ಶಬ್ದಭಂಡಾರ, ನೆಲದ ಪರಿಚಯ, ನಂಟಸ್ತಿಕೆಯ ಲೆಕ್ಕ, ಈ ನಾಲ್ಕನ್ನೂ ಒಟ್ಟಿಗೆ ಕಲಿಸುವ ಪಠ್ಯಕ್ರಮ ಇದು. ಮಗು ಅಲ್ಲಿ ಇದ್ದು, ಕೇಳಿ, ಕಲಿಯಬೇಕು. ವರ್ಷದ ಬಹುಭಾಗ ವಸತಿಶಾಲೆಯಲ್ಲಿರುವ ಮಗುವಿಗೆ ಈ ‘ಅಲ್ಲಿ ಇರುವುದು’ ತಪ್ಪುತ್ತದೆ. ನಷ್ಟವಾಗುವುದು ಶಾಲೆ ಕಲಿಸಿದ್ದರಿಂದಲ್ಲ, ಈ ಇನ್ನೊಂದು ಕಲಿಕೆಗೆ ಶಾಲೆಯು ಹೊತ್ತನ್ನೂ ಮರ್ಯಾದೆಯನ್ನೂ ಕೊಡದೆ ಇದ್ದುದರಿಂದ.

ಕನ್ನಡಿಗರ ಸಮ್ಮೇಳನದಲ್ಲಿ ಇದನ್ನೆಲ್ಲ ಏಕೆ ಹೇಳಬೇಕು? ಮೊದಲನೆಯ ಕಾರಣ ಋಣ. ಎಮೆನೊ ಮತ್ತು ಥಾಮಸ್ ಬರೊ ಅವರ ದ್ರಾವಿಡ ವ್ಯುತ್ಪತ್ತಿಕೋಶ 1961ರಲ್ಲಿ ಹೊರಬಂತು. ಕನ್ನಡ ಶಬ್ದಗಳ ಬೇರು ಹುಡುಕುವವರೆಲ್ಲ ಅದನ್ನು ತೆರೆಯುತ್ತಾರೆ. ನಾವು ‘ಕಿವಿ’ ಎನ್ನುವುದನ್ನು ತಮಿಳರು, ಮಲಯಾಳಿಗಳು ‘ಚೆವಿ’ ಎನ್ನುತ್ತಾರೆ. ಮೊದಲಿದ್ದದ್ದು ಕಕಾರವೋ ಚಕಾರವೋ ಎಂಬ ಪ್ರಶ್ನೆಯಲ್ಲಿ ಕನ್ನಡದ ಪಕ್ಕ ನಿಲ್ಲುವ ಸಾಕ್ಷಿಗಳಲ್ಲಿ ತುಳುವಿನ ‘ಕೆಬಿ’ಯೊಡನೆ ಕೋತದ ‘ಕೆವ್’ ಕೂಡ ಇದೆ. ಆ ಕೋಶದ ಕೋತ ಶಬ್ದಗಳ ಹಿಂದೆ ಸುಲ್ಲಿಯವರ ದನಿಯಿದೆ. ನಮ್ಮ ಭಾಷೆಯ ಚರಿತ್ರೆಗೆ ಸಾಕ್ಷಿ ನುಡಿದ ಆ ಹಿರಿಯರ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತು?

ಎರಡನೆಯ ಕಾರಣ ನಮ್ಮ ಆತ್ಮವಿಮರ್ಶೆಗೆ ಸಂಬಂಧಿಸಿದ್ದು. ಗಡಿಯಾಚೆಯ ಕನ್ನಡಿಗರು ತಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬೇಕೆಂದು ಕೇಳುವಾಗ ಆಧಾರವಾಗಿ ಹಿಡಿಯುವುದು ಸಂವಿಧಾನದ 350ಎ ವಿಧಿಯನ್ನು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸೇರಿದ ಈ ವಿಧಿ ಹೇಳುತ್ತದೆ. ವಿಧಿ ದೊಡ್ಡ ಭಾಷೆ, ಸಣ್ಣ ಭಾಷೆ ಎಂದು ಎಣಿಸಲಿಲ್ಲ. ನಮ್ಮ ಶಾಲೆಗಳಲ್ಲಿ ಕನ್ನಡ ತರಗತಿಗಳು ಖಾಲಿಯಾದಾಗ ನಮಗಾಗುವ ನೋವು ನಿಜವಾದದ್ದು. ಆ ನೋವನ್ನು ಬಲ್ಲ ನಾವು, ತರಗತಿಯೇ ಇಲ್ಲದ ಕೋತ, ತೋಡ, ಇರುಳ, ಕುರುಂಬ ನುಡಿಗಳ ಮಕ್ಕಳನ್ನು ಕುರಿತು ಯಾವ ಠರಾವು ಮಾಡಿದ್ದೇವೆ? ಚರಿತ್ರೆಯೂ ಇಲ್ಲಿ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಬಡಗರ ನಡುವಿನ ತನ್ನ ಶಾಲೆಗಳಲ್ಲಿ ಕನ್ನಡವನ್ನು ಬಳಸಿತು. ಬಡಗ ನುಡಿ ಮನೆಯಲ್ಲಿ ಉಳಿಯಿತು. ಹಲಗೆಯ ಮೇಲೆ ಬಂದದ್ದು ಕನ್ನಡ. ಈ ಬೆಟ್ಟದಲ್ಲಿ ಒಮ್ಮೆ ನಮ್ಮ ಭಾಷೆಯೂ ದೊಡ್ಡಭಾಷೆಯ ಪೀಠದಲ್ಲಿ ಕುಳಿತಿತ್ತು ಎಂಬುದನ್ನು ಮರೆಯಬಾರದು.

ದಾರಿಗಳು ಇಲ್ಲವೆಂದಲ್ಲ. ಗೂಡಲೂರಿನ ವಿದ್ಯೋದಯ ಶಾಲೆ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ, ಇರುಳ ಮಕ್ಕಳಿಗಾಗಿ ನಡೆದುಬಂದಿದೆ. ಆದಿವಾಸಿ ತರುಣ ತರುಣಿಯರೇ ಅಲ್ಲಿ ಶಿಕ್ಷಕರಾಗಿ ನಿಂತಿದ್ದಾರೆ. ತನ್ನವರೇ ಪಾಠ ಹೇಳುವ ತರಗತಿಯಲ್ಲಿ ಮಗು ಮನೆಯ ಮಾತಿಗೆ ನಾಚಬೇಕಾಗಿಲ್ಲ. ಸುಲ್ಲಿಯವರಿಗೆ ತಮ್ಮ ಕಾಲದಲ್ಲಿ ಇಂಥ ತರಗತಿ ಸಿಕ್ಕಿದ್ದರೆ ಅವರ ಕಥೆಗಳು ಮೊದಲು ಯಾರ ಕಿವಿಗೆ ಬೀಳುತ್ತಿದ್ದವು ಎಂದು ಊಹಿಸುವುದು ಕಷ್ಟವಲ್ಲ.

ನಮ್ಮ ಸಂಘ ಶಾಲೆ ನಡೆಸಲಾರದು. ಸಾಹಿತ್ಯದ ಕೆಲಸ ಮಾಡಬಲ್ಲದು. ಕೋತ ಹಿರಿಯರು ಒಪ್ಪಿದರೆ, ಸುಲ್ಲಿಯವರ ಕಥನಗಳಲ್ಲಿ ಹತ್ತನ್ನಾದರೂ ಅವರ ಜೊತೆ ಕುಳಿತು ಓದಿ, ಅವರು ತಿದ್ದಿದಂತೆ ತಿದ್ದಿ, ಕೋತ ಮಾತನ್ನು ಕನ್ನಡ ಲಿಪಿಯಲ್ಲಿಯೂ ತಮಿಳು ಲಿಪಿಯಲ್ಲಿಯೂ ಅಚ್ಚು ಹಾಕಬಹುದು. ಯಾವ ಕಥೆ ಹೊರಗೆ ಬರಬಾರದೆಂದು ಅವರು ಹೇಳುತ್ತಾರೋ ಅದನ್ನು ಕೈಬಿಡಬೇಕು. ಮೊದಲ ಪ್ರತಿಗಳು ಆ ಏಳು ಊರುಗಳ ಮಕ್ಕಳಿಗೆ ಸೇರಬೇಕು. ಕನ್ನಡ ಅನುವಾದ ಆಮೇಲೆ ಬರಲಿ. ಮುಖಪುಟದಲ್ಲಿ ಮೊದಲು ಹೇಳಿದವರ ಹೆಸರು, ಅದರ ಕೆಳಗೆ ಬರೆದುಕೊಂಡವರದು, ಅನುವಾದಕರದು ಕೊನೆಗೆ. ಮುಂದಿನ ಸಮ್ಮೇಳನದ ವೇಳೆಗೆ ಇಷ್ಟು ಆಗಲಿ ಎಂದು ಸಂಘದ ಹಿರಿಯರಲ್ಲಿ ನನ್ನ ವಿನಂತಿ.