ಸರಾಸರಿ ಹಲ್ಲು ಯಾರ ಬಾಯಲ್ಲಿದೆ?

ಮನುಷ್ಯನಿಗೆ ಎಷ್ಟು ಹಲ್ಲುಗಳು? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ 32 ಎಂಬ ಉತ್ತರ ತಟ್ಟನೆ ಬರುತ್ತದೆ. ಜೊತೆಗೆ ದಂತಸೂತ್ರವೂ ಬರುತ್ತದೆ: ಬಾಚಿಹಲ್ಲು 2, ಕೋರೆಹಲ್ಲು 1, ಮುಂದವಡೆ ಹಲ್ಲು 2, ಹಿಂದವಡೆ ಹಲ್ಲು 3, ಒಟ್ಟನ್ನು ನಾಲ್ಕರಿಂದ ಗುಣಿಸಬೇಕು. ಉತ್ತರ ತಪ್ಪೇನಲ್ಲ. ಆದರೆ ಸುಮಾರು ಐದು ಜನರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ದವಡೆಯೊಳಗೆ ರೂಪುಗೊಳ್ಳುವುದೇ ಇಲ್ಲ. ಅವರ ಬಾಯಿಯನ್ನು ನಾವು 'ತಪ್ಪು' ಎನ್ನೋಣವೇ? ಅಥವಾ 32 ಎಂಬ ಸಂಖ್ಯೆಗೆ ಒಂದು ಟಿಪ್ಪಣಿ ಸೇರಿಸೋಣವೇ?

ಶಾಲೆಯಲ್ಲಿ ಇದು ಸಣ್ಣ ಪ್ರಶ್ನೆ. ದಂತವೈದ್ಯಕೀಯದ ಮೊದಲ ವರ್ಷದಲ್ಲಿ ಇದೇ ಪ್ರಶ್ನೆ ದೊಡ್ಡದಾಗುತ್ತದೆ. ಬಿ.ಡಿ.ಎಸ್. ಸೇರಿದ ವಿದ್ಯಾರ್ಥಿ ಮೊದಲ ವರ್ಷವೇ ದಂತರಚನಾಶಾಸ್ತ್ರವನ್ನು ಓದಬೇಕು. ಮೇಣದ ತುಂಡಿನಲ್ಲಿ ಒಂದೊಂದೇ ಹಲ್ಲನ್ನು ಕೆತ್ತಬೇಕು. ಈ ವಿಷಯಕ್ಕೆ ನಮ್ಮಲ್ಲೂ ಹೊರದೇಶಗಳಲ್ಲೂ ಬಹುಕಾಲದಿಂದ ಬಳಕೆಯಲ್ಲಿರುವ ಪಠ್ಯ ರಸೆಲ್ ವೀಲರ್ ಅವರದು. 1940ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಈ ಗ್ರಂಥವನ್ನು ಮುಂದೆ ಮೇಜರ್ ಆಶ್ ಮತ್ತು ಸ್ಟಾನ್ಲಿ ನೆಲ್ಸನ್ ಪರಿಷ್ಕರಿಸುತ್ತ ಬಂದರು. ಭೌತಶಾಸ್ತ್ರದ ಅಧ್ಯಾಪಕನಿಗೆ ಹಲ್ಲಿನ ಪುಸ್ತಕದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಪುಸ್ತಕದ ಹೃದಯದಲ್ಲಿರುವುದು ಅಳತೆಗಳ ಒಂದು ಕೋಷ್ಟಕ. ಅಳತೆ ಇದ್ದಲ್ಲಿ ಭೌತಶಾಸ್ತ್ರಕ್ಕೆ ಪ್ರವೇಶ ಉಂಟು.

ಪುಸ್ತಕದ ಬಲ

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಪ್ರತಿ ಹಲ್ಲನ್ನೂ ವೀಲರ್ ಐದು ದಿಕ್ಕುಗಳಿಂದ ನೋಡುತ್ತಾರೆ: ತುಟಿ ಅಥವಾ ಕೆನ್ನೆಯ ಕಡೆಯಿಂದ, ನಾಲಿಗೆಯ ಕಡೆಯಿಂದ, ಎರಡು ಪಕ್ಕಗಳಿಂದ, ಕೊನೆಗೆ ಕಚ್ಚುವ ಅಂಚು ಅಥವಾ ಅರೆಯುವ ಮುಖದ ಕಡೆಯಿಂದ. ಎಂಜಿನಿಯರ್ ಒಂದು ಯಂತ್ರಭಾಗದ ನಕ್ಷೆ ಬರೆಯುವುದೂ ಹೀಗೆಯೇ. ಹಲ್ಲಿನ ಹೊರರೇಖೆಗಳನ್ನು ಮಿಲಿಮೀಟರ್ ಚೌಕಗಳ ಹಾಳೆಯ ಮೇಲೆ ಇರಿಸಿ ತೋರಿಸಿರುವುದರಿಂದ 'ಸ್ವಲ್ಪ ಉಬ್ಬು', 'ಕೊಂಚ ಓರೆ' ಎಂಬ ಮಾತುಗಳ ಜಾಗದಲ್ಲಿ ಕಣ್ಣಿಗೆ ಕಾಣುವ ಪ್ರಮಾಣ ಬರುತ್ತದೆ.

ಇನ್ನೊಂದು ಗುಣವೆಂದರೆ ಆಕಾರಕ್ಕೆ ಕಾರಣ ಕೊಡುವುದು. ಮುಂದಿನಿಂದ ನೋಡಿದರೆ ಎಲ್ಲ ಹಲ್ಲುಗಳ ಕಿರೀಟವೂ ಸ್ಥೂಲವಾಗಿ ತ್ರಾಪಿಜ್ಯ. ಸಮಾಂತರ ಬಾಹುಗಳಲ್ಲಿ ಚಿಕ್ಕದು ಒಸಡಿನ ಕಡೆಗಿದೆ. ಏಕೆ? ಅಕ್ಕಪಕ್ಕದ ಹಲ್ಲುಗಳು ಮೇಲೆ ಒಂದನ್ನೊಂದು ಮುಟ್ಟಿ ಆಸರೆಯಾಗಬೇಕು, ಬುಡದಲ್ಲಿ ಒಸಡಿಗೂ ಮೂಳೆಗೂ ಜಾಗ ಉಳಿಯಬೇಕು. ಆಯತಾಕಾರದ ಹಲ್ಲುಗಳನ್ನು ಇಟ್ಟಿಗೆಯಂತೆ ಜೋಡಿಸಿದ್ದರೆ ಆ ಜಾಗವೇ ಇರುತ್ತಿರಲಿಲ್ಲ. ಹೀಗೆ ಕಾರಣ ತಿಳಿದ ವಿದ್ಯಾರ್ಥಿಗೆ ಆಕಾರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳದು.

ಒಂಟಿ ಸಂಖ್ಯೆಯ ತೊಡಕು

ಈಗ ಕೋಷ್ಟಕಕ್ಕೆ ಬರೋಣ. ಹಲ್ಲುಗಳನ್ನು ಬರೆಯಲು, ಕೆತ್ತಲು ಕೊಟ್ಟಿರುವ ಇದರಲ್ಲಿ ಪ್ರತಿ ಹಲ್ಲಿಗೂ ಎಂಟು ಅಳತೆಗಳು. ಮೇಲಿನ ನಡು ಬಾಚಿಹಲ್ಲನ್ನೇ ತೆಗೆದುಕೊಳ್ಳಿ. ಕಿರೀಟದ ಉದ್ದ 10.5 ಮಿ.ಮೀ., ಬೇರಿನ ಉದ್ದ 13, ಕಿರೀಟದ ಅಗಲ 8.5, ಕತ್ತಿನ ಬಳಿ ಅಗಲ 7. ಮೇಲಿನ ಕೋರೆಹಲ್ಲಿಗೆ ಕಿರೀಟ 10, ಬೇರು 17. ಇವು ಸರಾಸರಿಗಳು ಎಂದು ಪುಸ್ತಕವೇ ಹೇಳುತ್ತದೆ. ಆದರೆ ಪ್ರತಿ ಸಂಖ್ಯೆಯೂ ಒಂಟಿಯಾಗಿ ನಿಂತಿದೆ. ಅದರ ಸುತ್ತ ನಿಜವಾದ ಹಲ್ಲುಗಳು ಎಷ್ಟು ದೂರದವರೆಗೆ ಹರಡಿವೆ ಎಂಬುದು ಕೋಷ್ಟಕದಲ್ಲಿ ಕಾಣುವುದಿಲ್ಲ.

ಇದಕ್ಕಿಂತ ಹಳೆಯ ಕೋಷ್ಟಕವೊಂದು ಈ ವಿಷಯದಲ್ಲಿ ಉದಾರವಾಗಿತ್ತು. ಆಧುನಿಕ ದಂತವೈದ್ಯಕೀಯದ ಹಿರಿಯರಲ್ಲಿ ಒಬ್ಬರಾದ ಜಿ. ವಿ. ಬ್ಲ್ಯಾಕ್ 1890ರ ಸುಮಾರಿಗೆ ಪ್ರಕಟಿಸಿದ ದಂತರಚನೆಯ ಗ್ರಂಥದಲ್ಲಿ ಪ್ರತಿ ಅಳತೆಗೂ ಸರಾಸರಿ, ಗರಿಷ್ಠ, ಕನಿಷ್ಠ ಎಂಬ ಮೂರು ಸಂಖ್ಯೆಗಳಿದ್ದವು. ಅದೇ ನಡು ಬಾಚಿಹಲ್ಲಿನ ಒಟ್ಟು ಉದ್ದಕ್ಕೆ ಬ್ಲ್ಯಾಕ್ ಕೊಟ್ಟ ಸರಾಸರಿ 22.5 ಮಿ.ಮೀ.; ಗರಿಷ್ಠ 27, ಕನಿಷ್ಠ 18. ಒಂಬತ್ತು ಮಿಲಿಮೀಟರುಗಳ ಅಂತರ! ಇದನ್ನು ಕಂಡ ವಿದ್ಯಾರ್ಥಿ ಸರಾಸರಿಯನ್ನು ಹಲ್ಲಿನ ಗುಣವೆಂದು ಭಾವಿಸಲಾರ. ಅದು ಗುಂಪಿನ ಗುಣವೆಂದು ಅವನಿಗೆ ಹೊಳೆಯುತ್ತದೆ.

ವೀಲರ್ ಪರವಾಗಿ ಒಂದು ಮಾತು ಹೇಳಲೇಬೇಕು. ಪ್ರತಿ ಹಲ್ಲಿಗೂ ಅವರು ಹತ್ತು ಮಾದರಿ ಹಲ್ಲುಗಳ ಚಿತ್ರಗಳನ್ನೂ ಅಪರೂಪದ ವ್ಯತ್ಯಾಸಗಳುಳ್ಳ ಹತ್ತು ಹಲ್ಲುಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ. ಪುಸ್ತಕದ ಅತ್ಯಂತ ಬೆಲೆಯುಳ್ಳ ಪುಟಗಳು ಇವೇ ಎಂದು ನನ್ನ ಅಭಿಪ್ರಾಯ. ಆದರೆ ಮೌಖಿಕ ಪರೀಕ್ಷೆಯಲ್ಲಿ ಚಿತ್ರವನ್ನು ಕೇಳುವುದು ಕಷ್ಟ, ಸಂಖ್ಯೆಯನ್ನು ಕೇಳುವುದು ಸುಲಭ. ಹೀಗಾಗಿ ಚಿತ್ರಗಳು ಪುಸ್ತಕದಲ್ಲೇ ಉಳಿದು ಕೋಷ್ಟಕ ಮಾತ್ರ ತಲೆಗೆ ಹೋಗುತ್ತದೆ. ಇಲ್ಲಿ ದೋಷ ಪುಸ್ತಕದ್ದಕ್ಕಿಂತ ಅದನ್ನು ಬಳಸುವ ರೀತಿಯದು.

ಸರಾಸರಿಯೇ ಅಪರೂಪ

ಎಲ್ಲ ಅಳತೆಗಳಲ್ಲೂ ಸರಾಸರಿಯಾಗಿರುವ ಹಲ್ಲು ಎಷ್ಟು ಸಾಮಾನ್ಯ? ಒಂದು ಸರಳ ಲೆಕ್ಕ ಮಾಡಿ. ಒಂದು ಅಳತೆಯಲ್ಲಿ ಮೂರನೆಯ ಒಂದು ಪಾಲು ಹಲ್ಲುಗಳು 'ಸರಾಸರಿಗೆ ಹತ್ತಿರ' ಎನ್ನೋಣ. ಎಂಟು ಅಳತೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ, ಎಂಟರಲ್ಲೂ ಸರಾಸರಿಗೆ ಹತ್ತಿರವಿರುವ ಹಲ್ಲು 6561ರಲ್ಲಿ ಒಂದು. ವಾಸ್ತವದಲ್ಲಿ ಅಳತೆಗಳಿಗೆ ಪರಸ್ಪರ ಸಂಬಂಧವಿದೆ. ಉದ್ದನೆಯ ಹಲ್ಲು ಅಗಲವಾಗಿರುವ ಸಂಭವವೂ ಹೆಚ್ಚು. ಆದ್ದರಿಂದ ಸಂಖ್ಯೆ ಇಷ್ಟು ಕಡಿಮೆಯಾಗದು. ಆದರೂ ಅಂಥ ಹಲ್ಲು ಅಪರೂಪವೇ.

ಇದು ಬರೀ ಕಾಗದದ ಲೆಕ್ಕವಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಗಾಗಿ ಗಿಲ್ಬರ್ಟ್ ಡೇನಿಯಲ್ಸ್ 4063 ವಿಮಾನ ಚಾಲಕರ ದೇಹದ ಹತ್ತು ಅಳತೆಗಳನ್ನು ಪರಿಶೀಲಿಸಿದರು. ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿದ್ದ ಒಬ್ಬ ಚಾಲಕನೂ ಸಿಗಲಿಲ್ಲ. ಸರಾಸರಿ ಮನುಷ್ಯನಿಗೆಂದು ರೂಪಿಸಿದ ಆಸನ ಯಾರಿಗೂ ಸರಿಯಾಗಿ ಹೊಂದದು ಎಂಬುದು ಅದರಿಂದ ಕಲಿತ ಪಾಠ. ಮೇಣದಲ್ಲಿ ಕೆತ್ತಿದ ಸರಾಸರಿ ಹಲ್ಲಿಗೂ ಈ ಪಾಠ ಅನ್ವಯಿಸುತ್ತದೆ.

ರೋಗಿಯ ಕುರ್ಚಿಯಲ್ಲಿ

ಇದರಿಂದ ಏನು ನಷ್ಟ? ಬೇರುನಾಳ ಚಿಕಿತ್ಸೆಯನ್ನು ನೋಡಿ. ಕೋಷ್ಟಕದ ಪ್ರಕಾರ ನಡು ಬಾಚಿಹಲ್ಲಿನ ಒಟ್ಟು ಉದ್ದ 23.5 ಮಿ.ಮೀ. ಎದುರಿಗಿರುವ ಹಲ್ಲು 21 ಮಿ.ಮೀ. ಮಾತ್ರ ಇದ್ದರೆ, ಸರಾಸರಿಯನ್ನು ನಂಬಿ ತೂರಿಸಿದ ಸೂಜಿಯಂಥ ಉಪಕರಣ ಬೇರಿನ ತುದಿಯಿಂದ 2.5 ಮಿ.ಮೀ. ಆಚೆಗೆ ಚುಚ್ಚುತ್ತದೆ. ಆದ್ದರಿಂದಲೇ ದಂತವೈದ್ಯರು ಎಕ್ಸ್-ಕಿರಣ ಚಿತ್ರದಿಂದ, ವಿದ್ಯುತ್ ಉಪಕರಣದಿಂದ ಆಯಾ ಹಲ್ಲಿನ ಉದ್ದವನ್ನೇ ಅಳೆಯುತ್ತಾರೆ.

ಉದ್ದದ ತಪ್ಪನ್ನು ಉಪಕರಣ ಹಿಡಿದೀತು. ನಿರೀಕ್ಷೆಯ ತಪ್ಪನ್ನು ಹಿಡಿಯುವುದು ಕಷ್ಟ. ಮೇಲಿನ ಮೊದಲ ಹಿಂದವಡೆ ಹಲ್ಲಿಗೆ ಮೂರು ಬೇರುಗಳು. ಹಾಗಾಗಿ ನಾಳಗಳೂ ಮೂರು ಎಂದು ಮನಸ್ಸು ಸುಲಭವಾಗಿ ಒಪ್ಪುತ್ತದೆ. 1969ರಲ್ಲಿ ಫ್ರಾಂಕ್ಲಿನ್ ವೈನ್ ಮತ್ತು ಸಂಗಡಿಗರು ಕೆನ್ನೆಯ ಕಡೆಯ ಮುಂಬೇರನ್ನು ಸೀಳಿ ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಹಲ್ಲುಗಳಲ್ಲಿ ಆ ಒಂದೇ ಬೇರಿನೊಳಗೆ ಎರಡು ನಾಳಗಳು ಕಂಡವು. ಹುಡುಕದೆ ಬಿಟ್ಟ ನಾಳದಲ್ಲಿ ಸೋಂಕು ಉಳಿದರೆ ಚಿಕಿತ್ಸೆ ವಿಫಲವಾಗಬಹುದು, ಹಲ್ಲೇ ಹೋಗಬಹುದು. ಕೆಳಗಿನ ಮೊದಲ ಹಿಂದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರುಗಳು. ಮೂರನೆಯ ಬೇರು ಯೂರೋಪ್ ಮೂಲದವರಲ್ಲಿ ವಿರಳ. ಪೂರ್ವ ಏಷ್ಯಾದ ಹಲವು ಜನಸಮುದಾಯಗಳಲ್ಲಿ ಅದು ಐದರಲ್ಲಿ ಒಂದು ಹಲ್ಲಿನವರೆಗೂ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿಯೂ ಕಂಡುಬಂದಿದೆ. ಅಂದ ಮೇಲೆ ಯಾವುದೇ ಕೋಷ್ಟಕದ ಮುಂದೆ ಕೇಳಬೇಕಾದ ಪ್ರಶ್ನೆ: ಇದು ಯಾರ ಹಲ್ಲುಗಳ ಸರಾಸರಿ?

ತರಗತಿಯಲ್ಲಿ ಮಾಡಬಹುದಾದದ್ದು

ಮೇಣದ ಕೆತ್ತನೆಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೈಯಿಂದ ಕಲಿತ ಆಕಾರ ಕಣ್ಣಿಂದ ಕಲಿತದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಆದರೆ ಕೆತ್ತುವ ಮುನ್ನ ಪ್ರತಿ ವಿದ್ಯಾರ್ಥಿಗೆ ರೋಗಾಣುಮುಕ್ತಗೊಳಿಸಿದ ಹತ್ತು ನಿಜವಾದ ಹಲ್ಲುಗಳನ್ನೂ ಒಂದು ವರ್ನಿಯರ್ ಕ್ಯಾಲಿಪರ್ ಅನ್ನೂ ಕೊಡಿ. ಒಂದೇ ಹಲ್ಲನ್ನು ಐದು ಸಲ ಅಳೆಯಲಿ. ಅಳತೆಗಳು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಗಳಷ್ಟು ಹೆಚ್ಚುಕಡಿಮೆಯಾಗುತ್ತವೆ. ಇದು ಉಪಕರಣದ, ಕೈಯ ದೋಷ. ಆಮೇಲೆ ಹತ್ತೂ ಹಲ್ಲುಗಳನ್ನು ಅಳೆಯಲಿ. ವ್ಯತ್ಯಾಸ ಮಿಲಿಮೀಟರುಗಳಿಗೆ ಏರುತ್ತದೆ. ಇದು ದೋಷವಲ್ಲ, ಇದು ಪ್ರಕೃತಿ. ಎರಡೂ ಕೋಷ್ಟಕದಲ್ಲಿ ಒಂದೇ ರೀತಿ 'ವ್ಯತ್ಯಾಸ'ವಾಗಿ ಕಾಣುತ್ತವೆ, ಆದರೆ ಅವುಗಳ ಮೂಲ ಬೇರೆ. ಮೊದಲನೆಯದನ್ನು ಒಳ್ಳೆಯ ಉಪಕರಣದಿಂದ ತಗ್ಗಿಸಬಹುದು. ಎರಡನೆಯದನ್ನು ಯಾವ ಉಪಕರಣವೂ ತಗ್ಗಿಸಲಾರದು.

ಶಾಲೆಯ ಅಧ್ಯಾಪಕರೂ ಇದನ್ನು ಮಾಡಬಹುದು. ಪರಿಚಿತ ದಂತವೈದ್ಯರು ಬಳಸಿ ಇಟ್ಟ, ಹೆಸರು ಅಳಿಸಿದ ಪ್ಲಾಸ್ಟರ್ ಅಚ್ಚುಗಳು ಕೆಲವು ಸಿಕ್ಕರೆ ಸಾಕು. ಮಕ್ಕಳ ಬಾಯಿಗೆ ಉಪಕರಣ ಇಡುವುದು ಬೇಡ. ನಡು ಬಾಚಿಹಲ್ಲಿನ ಅಗಲವನ್ನು ಅಳೆದು ಸ್ತಂಭಾಲೇಖ ಬರೆಯಿರಿ. ಗಣಿತದಲ್ಲಿ ಸೂತ್ರವಾಗಿ ಕಲಿತ ಮಾನಕ ವಿಚಲನೆಗೆ ಆಗ ಒಂದು ಮುಖ ಬರುತ್ತದೆ.

ಮುಂದಿನ ಸಲ ಮೌಖಿಕ ಪರೀಕ್ಷೆ ನಡೆಸುವ ಅಧ್ಯಾಪಕರು ಒಂದು ಸಣ್ಣ ಬದಲಾವಣೆ ಮಾಡಿ ನೋಡಲಿ. 'ಬೇರಿನ ಉದ್ದ ಎಷ್ಟು?' ಎಂದು ಕೇಳಿ, 'ಹದಿಮೂರು' ಎಂಬ ಉತ್ತರ ಬಂದ ಕೂಡಲೇ ಇನ್ನೊಂದು ಪ್ರಶ್ನೆ ಕೇಳಲಿ: 'ಎಷ್ಟರಿಂದ ಎಷ್ಟರವರೆಗೆ?' ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲ ವಿದ್ಯಾರ್ಥಿ ಮುಂದೆ ರೋಗಿಯ ಬಾಯಿ ತೆರೆದಾಗ ಕೋಷ್ಟಕವನ್ನು ನೆನೆಯುತ್ತಾನೆ, ಆದರೆ ಹಲ್ಲನ್ನು ನೋಡುತ್ತಾನೆ.