ತಾಂಗೇಯವರ ವಂಶಕೋಶ: ಗುಣದೋಷ ವಿಚಾರ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಕುಟುಂಬಗಳ ಮೂಲವನ್ನರಸುವವರಿಗೆ ಪಾದ್ರಿ ಸಿಪ್ರಿಯನ್ ತಾಂಗೇಯವರ (1819–1902) ವಂಶಕೋಶವು ಬಹುಕಾಲ ಆಧಾರಗ್ರಂಥವಾಗಿದ್ದಿತು. 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟವಾದ ಈ ಕೃತಿಯ ಗುಣದೋಷಗಳೆರಡೂ ವಿಚಾರಾರ್ಹವಾಗಿವೆ.

ಆ ವಸಾಹತಿನಲ್ಲಿ ಮನೆತನದ ಹೆಸರು ಸ್ಥಿರವಾದುದಲ್ಲ. 1665ರಲ್ಲಿ ಬಂದಿಳಿದ ಫ್ರೆಂಚ್ ದಂಡಿನ ಸೈನಿಕರಿಗೆ 'ಲಾಫ್ಲರ್' (ಹೂವು), 'ಸಾನ್‌ಸೂಸಿ' (ನಿಶ್ಚಿಂತ) ಎಂಬಂತಹ ದಂಡಿನ ಹೆಸರುಗಳಿದ್ದುವು. ಅವು 'ದಿ', ಎಂದರೆ 'ಎನಿಸಿಕೊಂಡವನು', ಎಂಬ ಪದದೊಡನೆ ಕುಲನಾಮಕ್ಕೆ ಸೇರುತ್ತಿದ್ದುವು. ಮಕ್ಕಳಲ್ಲಿ ಒಬ್ಬನು ಕುಲನಾಮವನ್ನೂ ಮತ್ತೊಬ್ಬನು ಉಪನಾಮವನ್ನೂ ಹಿಡಿದರೆ, ಒಡಹುಟ್ಟಿದವರ ಸಂತತಿಯೇ ಪರಸ್ಪರ ಅನ್ಯರಾಗಿ ತೋರುವುದು. ಸಂಬಂಧವೇ ಇಲ್ಲದ ಇಬ್ಬರು ಲಾಫ್ಲರರು ಏಕವಂಶದವರೆಂಬ ಭ್ರಾಂತಿಯೂ ಹುಟ್ಟುವುದು.

ಹಾಗಾದರೆ ಪ್ರಮಾಣವಾವುದು? ಚರ್ಚಿನ ವಿವಾಹಲೇಖವೇ. ಅದರಲ್ಲಿ ವಧೂವರರಿಬ್ಬರ ತಂದೆತಾಯಿಗಳ ಹೆಸರುಗಳೂ ಸಾಮಾನ್ಯವಾಗಿ ದೊರೆಯುವುವು. ಸ್ತ್ರೀಯು ವಿವಾಹಾನಂತರವೂ ತವರಿನ ಹೆಸರಿನಿಂದಲೇ ಉಲ್ಲೇಖಿತಳಾಗಿರುವಳು. ಚದರಿಹೋಗಿದ್ದ ಇಂತಹ ಲೇಖಗಳನ್ನು ತಾಂಗೇಯವರು ಕುಟುಂಬವಾರಾಗಿ ಜೋಡಿಸಿದರು. ಇದೇ ಗ್ರಂಥದ ಜೀವಾಳ.

ಆದರೆ ಅಷ್ಟು ವಿಸ್ತಾರವಾದ ಕಾರ್ಯದಲ್ಲಿ ಲೋಪಗಳೂ ತಪ್ಪು ಜೋಡಣೆಗಳೂ ನುಸುಳಿದುವು. ರೆನೆ ಜೆತ್ತೆಯವರು 1983ರಲ್ಲಿ ಪ್ರಕಟಿಸಿದ ಕೋಶದಲ್ಲಿ 1730ರವರೆಗಿನ ಕುಟುಂಬಗಳನ್ನು ಪುನಃ ಪರಿಶೋಧಿಸಿದರು. ಆದುದರಿಂದ ತಾಂಗೇಯವರ ಕೃತಿಯು ದಾರಿತೋರುವ ಗ್ರಂಥವೇ ಹೊರತು ಅಂತಿಮ ತೀರ್ಪಲ್ಲ. ಮೂಲಲೇಖವನ್ನು ನೋಡದೆ ಹೆಸರನ್ನಷ್ಟೇ ನಂಬಿದವನ ಮನೆಗೆ ಪರರ ಅಜ್ಜನು ಬಂದು ಸೇರುವನು. ತನ್ನ ಅಜ್ಜನು ಲೇಖದಲ್ಲಿಯೇ ಉಳಿದುಹೋಗುವನು.